ಖಾಲಿ ಕೊಡಬಾರದ ಪೆನ್ ಡ್ರೈವ್

ನಮ್ಮ ಮನೆಯ ಕಂಪ್ಯೂಟರಿಗೆ ನಾನು ಕಾವಲು ಕೂತಷ್ಟು ನನ್ನ ಮಕ್ಕಳಿಗೂ ಕೂತಿಲ್ಲ. ಮಗುವಿಗೆ ನೆಗಡಿಯಾದರೆ ಒಂದೆರಡು ದಿನ ನೋಡೋಣ ಎನ್ನುವವಳು, ಪರದೆಯ ಮೇಲೆ ಗುರುತಿಲ್ಲದ ಒಂದು ಫೋಲ್ಡರ್ ಕಂಡರೆ ಆ ಹೊತ್ತಿನ ಊಟ ಬಿಡುತ್ತಿದ್ದೆ. ನಮ್ಮವರಿಗೆ ಇದೊಂದು ತಮಾಷೆ. ನಿಲಂಗಾದ ಕೋರ್ಟಿನ ಎದುರಿಗೆ ಅವರದು ಟೈಪಿಂಗ್ ಅಂಗಡಿ. ವಕೀಲರ ಗುಮಾಸ್ತರು, ಅರ್ಜಿ ಹಿಡಿದು ಬಂದವರು, ಯಾರೆಂದರೆ ಅವರು ಜೇಬಿನಿಂದ ಪೆನ್ ಡ್ರೈವ್ ತೆಗೆದು ಅಲ್ಲಿನ ಯಂತ್ರಕ್ಕೆ ಚುಚ್ಚುತ್ತಿದ್ದರು. ಅಂಗಡಿಗೆ ಹೊಸದೊಂದು ಬಂದ ಮೇಲೆ ಹಳೆಯ ಕಂಪ್ಯೂಟರನ್ನು ಮನೆಗೆ ತಂದು ನಡುಮನೆಯ ಮೂಲೆಯಲ್ಲಿ ಇಟ್ಟರು. ಅಂದಿನಿಂದ ಶುರುವಾಯಿತು ನನ್ನ ಸಂಕಟ.

ನಾನು ಬೀದರ ಜಿಲ್ಲೆಯಿಂದ ಗಡಿ ದಾಟಿ ಈ ಮರಾಠಿ ಸೀಮೆಗೆ ಮದುವೆಯಾಗಿ ಬಂದವಳು. ಹಗಲೆಲ್ಲ ಪ್ರಾಥಮಿಕ ಶಾಲೆಯಲ್ಲಿ ಮರಾಠಿಯಲ್ಲಿ ಪಾಠ ಹೇಳಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಜಗಳ ಆಡುವವಳು. ಶಾಲೆಯವರು ಕಡ್ಡಾಯ ಮಾಡಿದ್ದರಿಂದ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ. ಅಲ್ಲಿ ಕಲಿತದ್ದರಲ್ಲಿ ವೈರಸ್ಸಿನ ಪಾಠ ಒಂದೇ ನನ್ನ ತಲೆಯಲ್ಲಿ ನಿಂತದ್ದು. ಪೆನ್ ಡ್ರೈವ್ ಚುಚ್ಚುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಒಳಗಿದ್ದದ್ದು ತಾನಾಗಿಯೇ ಓಡಲು ಶುರುಮಾಡುತ್ತದೆ. ಎರಡು ಸಲ ಕ್ಲಿಕ್ ಮಾಡಿ ತೆರೆಯಬಾರದು. ಮೊದಲು ಆಂಟಿವೈರಸ್ ಬಿಟ್ಟು ಪರೀಕ್ಷೆ ಮಾಡಿಸಿ, ಆಮೇಲೆ ಮುಟ್ಟಬೇಕು. ಇದನ್ನೆಲ್ಲ ಮನೆಯಲ್ಲಿ ಎಷ್ಟು ಸಲ ಹೇಳಿದೆನೋ, ನಮ್ಮವರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು.

“ಅಷ್ಟ್ಯಾಕ ಅಂಜ್ತಿ? ಅದೇನ ಹಾವ ಅದಾ?” ಎನ್ನುತ್ತಿದ್ದರು.

ಹಾವಾದರೆ ಕಣ್ಣಿಗೆ ಕಾಣುತ್ತದೆ ಎಂದು ನಾನು ಗೊಣಗುತ್ತಿದ್ದೆ. ಎಲ್ಲಕ್ಕಿಂತ ತಲೆಬಿಸಿ ಮಾಡುತ್ತಿದ್ದದ್ದು ಆಂಟಿವೈರಸ್ಸೇ. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಅದಕ್ಕೆ ಆಗಾಗ ಹೊಸ ಮಾಹಿತಿ ಹಾಕದಿದ್ದರೆ ಹೊಸ ವೈರಸ್ಸಿನ ಗುರುತೇ ಸಿಗುವುದಿಲ್ಲ. ಆ ಹೊಸ ಮಾಹಿತಿಯನ್ನು ಬಸ್ ಸ್ಟ್ಯಾಂಡಿನ ಹತ್ತಿರದ ನೆಟ್ ಕೆಫೆಯಿಂದ ತರಬೇಕು, ತರುವುದು ಮತ್ತೆ ಪೆನ್ ಡ್ರೈವಿನಲ್ಲೇ. ಊರಿನ ರೋಗವೆಲ್ಲ ಬಂದು ಹೋಗುವ ಜಾಗದಿಂದಲೇ ಮದ್ದು ತರಬೇಕಾದ ಪರಿಸ್ಥಿತಿ. ತಂದ ದಿನ ಸಮಾಧಾನವೂ ಇಲ್ಲ, ತರದ ದಿನ ಸಮಾಧಾನವೂ ಇಲ್ಲ.

ಒಂದು ಹಳೆಯ ಡಬ್ಬಿಗೆ ಇಷ್ಟೊಂದು ಭಯವೇಕೆಂದರೆ, ಅದರಲ್ಲಿ ನನ್ನ ನಾದಿನಿಯ ದನಿ ಇತ್ತು.

ನಾದಿನಿ ಎಂದರೆ ನಮ್ಮವರ ಅಕ್ಕ. ನಾನು ಆಕೆಯನ್ನು ನೋಡಿಲ್ಲ. ಆಕೆಯನ್ನು ಉಮರಗಾ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. ಒಂದು ಪಂಚಮಿಗೆ ತವರಿಗೆ ಬಂದಾಗ ನಮ್ಮವರು ಟೇಪ್ ರೆಕಾರ್ಡರ್ ಮುಂದಿಟ್ಟು, ಕಾಡಿ ಬೇಡಿ, ಆಕೆಯಿಂದ ಜೋಕಾಲಿಯ ಪದವೊಂದನ್ನು ಹಾಡಿಸಿ ಹಿಡಿದಿಟ್ಟಿದ್ದರು. ಹಬ್ಬ ಮುಗಿಸಿ ಆಕೆ ಗಂಡನ ಮನೆಗೆ ಹೋದಳು. ಆ ಸಲ ಗಣಪತಿ ಕಳಿಸಿ ಜನ ಮಲಗಿದ್ದಾಗ, ಬೆಳಕು ಹರಿಯುವ ಮೊದಲೇ ಭೂಮಿ ನಡುಗಿತು. ಆಕೆಯದು ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆ. ನಮ್ಮತ್ತೆ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಬಗ್ಗೆ ಅತ್ತೆ ನನ್ನೆದುರು ಎಂದೂ ಪೂರ್ತಿ ಹೇಳಿಲ್ಲ, ನಾನೂ ಕೇಳಲಿಲ್ಲ.

ಆ ಕ್ಯಾಸೆಟ್ಟು ವರ್ಷಗಟ್ಟಲೆ ತಿರುಗಿ ತಿರುಗಿ ಸವೆದು ಹೋಗಿತ್ತು. ಉಮರಗಾದ ಒಂದು ಸ್ಟುಡಿಯೋದವನು ಅದನ್ನು ಕಂಪ್ಯೂಟರಿಗೆ ಇಳಿಸಿ ಕೊಟ್ಟ. ಇಳಿಸಿ ಮುಗಿಯುತ್ತಲೇ ಟೇಪು ಕಡಿದು ಹೋಯಿತು. ಅವನು ಅದನ್ನು ಎರಡು ಫೈಲು ಮಾಡಿದ್ದ. ಒಂದರಲ್ಲಿ ಪದ. ಇನ್ನೊಂದರಲ್ಲಿ ಪದ ಮುಗಿದ ಮೇಲಿನ ಮಾತು: ಆಕೆ ನಗುತ್ತಾಳೆ, ಉಸಿರು ಎಳೆದುಕೊಳ್ಳುತ್ತಾಳೆ, “ಯವ್ವಾ, ಸಾಕೇನ? ಇನ್ನೊಂದ ಅನ್ಲೇನ?” ಎನ್ನುತ್ತಾಳೆ. ಒಳಗಿನಿಂದ ಅತ್ತೆಯ ದನಿ, “ಸಾಕ ಬಾ, ಉಂಡಿ ಕಟ್ಟೋದ ಅದಾ” ಎಂದು ಕರೆಯುತ್ತದೆ. ಅಷ್ಟೇ. ಸೋಮವಾರ ಪೂಜೆ ಮುಗಿಸಿ, ಕರೆಂಟು ಇದ್ದರೆ, ಅತ್ತೆ ಕಂಪ್ಯೂಟರಿನ ಮುಂದೆ ಚಾಪೆ ಹಾಕಿಕೊಂಡು ಕೂರುತ್ತಿದ್ದರು. ಪದವನ್ನು ಒಂದು ಸಲ ಕೇಳುವರು, ಮಾತನ್ನು ಮತ್ತೆ ಮತ್ತೆ ಹಾಕಿಸುವರು. ಕ್ಲಿಕ್ ಮಾಡುವ ಕೆಲಸ ನನ್ನದು.

ಇನ್ನೊಂದು ಪ್ರತಿ ಇರಲಿಲ್ಲವೇ ಎಂದರೆ, ಇತ್ತು. ಸ್ಟುಡಿಯೋದವನು ಒಂದು ಸಿ.ಡಿ. ಕೊಟ್ಟಿದ್ದ. ಅತ್ತೆ ಅದನ್ನು ದೇವರ ಜಗಲಿಯ ಮೇಲೆ ಇಟ್ಟು ದಿನಾ ವಿಭೂತಿ ಹಚ್ಚಿದರು. ಮಗಳ ದನಿ ಇರುವ ವಸ್ತುವನ್ನು ಮತ್ತೆ ಹೇಗೆ ಇಡಬೇಕು? ಒರೆಸುವುದು, ಹಚ್ಚುವುದು, ಮತ್ತೆ ಒರೆಸುವುದು. ನಾನು ನೋಡುವ ಹೊತ್ತಿಗೆ ಅದರ ಮೈಯೆಲ್ಲ ಗೀರು. ಯಾವ ಯಂತ್ರವೂ ಅದನ್ನು ಓದಲಿಲ್ಲ. ಅತ್ತೆಗೆ ಅದನ್ನು ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ, ಅದು ಜಗಲಿಯ ಮೇಲೆ ಹಾಗೆಯೇ ಇತ್ತು. ಹೊಸದೊಂದು ಮಾಡಿಸೋಣವೆಂದರೆ ನಮ್ಮ ಡಬ್ಬಿಯಲ್ಲಿ ಸಿ.ಡಿ. ಬರೆಯುವ ಸೌಕರ್ಯವಿಲ್ಲ. ಅಂಗಡಿಗೆ ಒಯ್ದು ಮಾಡಿಸಿ ಎಂದು ನಮ್ಮವರ ಬೆನ್ನು ಹತ್ತಿದ್ದೆ. ಅವರು ನಾಳೆ, ನಾಡಿದ್ದು ಎನ್ನುತ್ತಿದ್ದರು.

ಇನ್ನು ಅತ್ತೆಯ ಪದ್ಧತಿಯೊಂದನ್ನು ಹೇಳಬೇಕು. ಅದು ಅವರೊಬ್ಬರದಲ್ಲ, ನಮ್ಮ ಕಡೆ ಎಲ್ಲ ಮನೆಗಳದು. ಯಾರ ಮನೆಯ ಪಾತ್ರೆ ಬಂದರೂ ಖಾಲಿ ಮರಳಿಸುವುದಿಲ್ಲ. ಪಲ್ಯ ಕಳಿಸಿದ ಬಟ್ಟಲು ಹೋಗುವಾಗ ಅದರಲ್ಲಿ ಒಂದು ಹಿಡಿ ಸಕ್ಕರೆ ಇರಬೇಕು, ಏನೂ ಇಲ್ಲವೆಂದರೆ ನಾಲ್ಕು ಕಾಳು ಕಡಲೆ. ಎದುರು ಮನೆಯವರು ಮದುವೆಯ ಫೋಟೋ ನೋಡಿರೆಂದು ಮೊದಲ ಸಲ ಪೆನ್ ಡ್ರೈವ್ ಕಳಿಸಿದಾಗ ನಾನು ಅದನ್ನು ಪರೀಕ್ಷೆ ಮಾಡಿಸಿ, ಫೋಟೋ ನೋಡಿ ಮುಗಿಸಿ, ತೆಗೆದು ಮುಚ್ಚಳ ಹಾಕಿದೆ.

“ಏನ ಹಾಕಿ ಕೊಡ್ತಿ?” ಎಂದರು ಅತ್ತೆ.

“ಇದರಾಗ ಏನ ಹಾಕ್ತಾರ ಅತ್ತಿ? ಇದೇನ ಬಟ್ಲಾ?”

“ಅವರು ತುಂಬಿ ಕಳಸ್ಯಾರ. ನಾವು ಖಾಲಿ ಕೊಟ್ರ ಚಂದ ಕಾಣ್ತದೇನ? ನನ್ನ ಮಗಳ ಪದ ಹಾಕು.”

ನಾನು ಬೆಚ್ಚಿದೆ. ನನ್ನ ಲೆಕ್ಕದಲ್ಲಿ ಪೆನ್ ಡ್ರೈವ್ ನಮ್ಮ ಯಂತ್ರದಲ್ಲಿ ಇರುವ ಒಂದೊಂದು ಗಳಿಗೆಯೂ ಗಂಡಾಂತರ. ಆದರೆ ಮಗಳ ಪದವನ್ನು ಕೊಡುವ ಮಾತಾಡುವಾಗ ಅತ್ತೆಯ ಮುಖದಲ್ಲಿ ಒಂದು ಹಿಗ್ಗು ಇತ್ತು, ಅದನ್ನು ಕಂಡು ಸುಮ್ಮನಾದೆ. ಮಾತಿನ ಫೈಲನ್ನೂ ಹಾಕಲೇ ಎಂದು ಕೇಳಿದೆ.

“ಅದು ಬ್ಯಾಡ. ಅದು ಮನ್ಯಾಗಿಂದು” ಎಂದರು.

ನನಗೆ ಅದು ಸರಿ ಎನಿಸಿತು. ಮನೆಯಿಂದ ಹೊರಗೆ ಹೋಗುವುದು ಕಡಿಮೆಯಾದಷ್ಟೂ ಒಳ್ಳೆಯದು ಎಂಬುದೇ ನನ್ನ ನಂಬಿಕೆ. ಹೀಗೆ ಆಕೆಯ ಪದ ಎದುರು ಮನೆಗೆ ಹೋಯಿತು, ಔರಾದ ಶಹಾಜನಿಯ ಬೀಗರ ಮನೆಗೆ ಹೋಯಿತು, ಗುಂಜೋಟಿಯಲ್ಲಿರುವ ಅತ್ತೆಯ ತಮ್ಮನ ಮನೆಗೆ ಹೋಯಿತು. ಬಂದ ಪೆನ್ ಡ್ರೈವುಗಳಿಗೆಲ್ಲ ಅದೇ ಸಕ್ಕರೆ. ಕೇಳಿದವರು ಸಿಕ್ಕಾಗ ಅತ್ತೆಯ ಕೈ ಹಿಡಿದು ಮಾತಾಡುತ್ತಿದ್ದರು. ಅತ್ತೆ ಅದಕ್ಕೆ ಕಾಯುತ್ತಿದ್ದರು ಎಂದು ನನಗೆ ತಡವಾಗಿ ಗೊತ್ತಾಯಿತು.

ಒಂದು ಸೋಮವಾರ ನಾನು ಶಾಲೆಯಿಂದ ಬಂದಾಗ ಅತ್ತೆ ಚಾಪೆ ಹಾಕಿಕೊಂಡು ಕೂತೇ ಇದ್ದರು. ಬೆಳಿಗ್ಗೆ ಕರೆಂಟು ಹೋಗಿದ್ದರಿಂದ ಸಂಜೆಗೆ ಮುಂದೂಡಿದ್ದ ಕೇಳಿಕೆ. ಚೀಲ ಇಳಿಸಿ ಕಂಪ್ಯೂಟರ್ ಚಾಲೂ ಮಾಡಿದೆ. ನಾದಿನಿಯ ಹೆಸರಿನ ಫೋಲ್ಡರ್ ತೆರೆದರೆ ಅದರಲ್ಲಿ ಏನೂ ಇಲ್ಲ. ಬಿಳಿ ಪರದೆ. ಮುಚ್ಚಿ ಮತ್ತೆ ತೆರೆದೆ. ಮಕ್ಕಳ ಶಾಲೆಯ ಹಾಡುಗಳ ಫೋಲ್ಡರ್ ತೆರೆದೆ, ಅದೂ ಖಾಲಿ. ಫೋಟೋಗಳು ಇದ್ದವು, ನಮ್ಮವರು ಟೈಪ್ ಮಾಡಿದ ಕರಾರುಪತ್ರಗಳು ಇದ್ದವು, ಹಾಡೆನ್ನುವುದು ಒಂದೂ ಇರಲಿಲ್ಲ. ಆಂಟಿವೈರಸ್ ಮಾತ್ರ ಮೂಲೆಯಲ್ಲಿ ಹಸಿರು ಗುರುತು ತೋರಿಸಿಕೊಂಡು ಎಲ್ಲ ಕ್ಷೇಮ ಎನ್ನುತ್ತಿತ್ತು. ಮೌಸು ಹಿಡಿದು ಒಂದಾದ ಮೇಲೊಂದು ಫೋಲ್ಡರ್ ತೆರೆಯುತ್ತಲೇ ಇದ್ದೆ.

“ಯಾಕ, ಕರೆಂಟ ಹೋತೇನ?” ಎಂದರು ಅತ್ತೆ. ಪಂಖ ತಿರುಗುತ್ತಿತ್ತು.

“ಇಲ್ರೀ ಅತ್ತಿ. ಡಬ್ಬಿ ಯಾಕೋ ಸರಿ ಇಲ್ಲ. ನಾಳಿ ಕೇಳೂಣು.”

ಅವರು ಚಾಪೆ ಸುತ್ತಿಟ್ಟು ಒಳಗೆ ಹೋದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಗೇ ಹೋಗಿ ನಮ್ಮವರನ್ನು ಹಿಡಿದೆ. ಹಿಂದಿನ ದಿನ ನಾನು ಸಂತೆಗೆ ಹೋದಾಗ ಎದುರು ಮನೆಯವರ ಪೆನ್ ಡ್ರೈವ್ ಇನ್ನೊಮ್ಮೆ ಬಂದಿತ್ತಂತೆ. ಖಾಲಿ ಕೊಡಬಾರದಲ್ಲ, ಅವ್ವ ಹೇಳಿದಳೆಂದು ಇವರು ಶಿಫ್ಟೂ ಇಲ್ಲ ಸ್ಕ್ಯಾನೂ ಇಲ್ಲ, ಚುಚ್ಚಿ ಎರಡು ಸಲ ಕ್ಲಿಕ್ ಮಾಡಿ ತೆರೆದಿದ್ದರು. ಅಂಗಡಿಯಲ್ಲಿ ಗಿರಾಕಿಗಳು ಕೂತಿದ್ದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಕಣ್ಣಲ್ಲಿ ನೀರು ಬಂದದ್ದು ಮಾತ್ರ ತಡೆಯಲಾಗಲಿಲ್ಲ. ಅವರ ಮುಖ ಸುಣ್ಣವಾಯಿತು. ಅಂದು ಅವರು ನನ್ನನ್ನು ನೋಡಿ ನಗಲಿಲ್ಲ.

ಮರುದಿನವೇ ರಜೆ ಹಾಕಿ ಇಬ್ಬರೂ ಉದಗೀರಕ್ಕೆ ಹೊರಟೆವು. ಅಲ್ಲಿ ಅಳಿಸಿಹೋದದ್ದನ್ನು ತೆಗೆದುಕೊಡುವವನೊಬ್ಬ ಇದ್ದಾನೆಂದು ಕೋರ್ಟಿನಲ್ಲಿ ಯಾರೋ ಹೇಳಿದ್ದರು. ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ದುಪ್ಪಟ್ಟಿಯಲ್ಲಿ ಸುತ್ತಿ ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ರಸ್ತೆಯ ಗುಂಡಿ ಒಂದೊಂದಕ್ಕೂ ಎದೆ ಧಸಕ್ಕೆನ್ನುತ್ತಿತ್ತು. ಕೆಳಗಿಡು, ಕಾಲು ಜೋಮು ಹಿಡಿದೀತು ಎಂದು ನಮ್ಮವರು ಎಷ್ಟು ಹೇಳಿದರೂ ಕೊಡಲಿಲ್ಲ. ಅತ್ತೆಗೆ ನಾವು ರಿಪೇರಿಗೆ ಹೋಗುತ್ತಿದ್ದೇವೆ ಎಂದಷ್ಟೇ ಹೇಳಿದ್ದೆವು. ಅವರು ದಾರಿಗೆ ಬುತ್ತಿ ಕಟ್ಟಿಕೊಟ್ಟು, ರಿಪೇರಿ ಮಾಡುವವನಿಗೂ ಎರಡು ರೊಟ್ಟಿ ಹೆಚ್ಚಿಗೆ ಇಟ್ಟಿದ್ದರು.

ಉದಗೀರದವನು ನೋಡಿ, ಇದು ಹಾಡುಗಳನ್ನೇ ಹುಡುಕಿ ಅಳಿಸುವ ವೈರಸ್ಸು, ಬೇರೆ ಏನನ್ನೂ ಮುಟ್ಟುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಪೆನ್ ಡ್ರೈವಿನಿಂದ ಪೆನ್ ಡ್ರೈವಿಗೆ ಹೋಗುತ್ತದೆ, ಈಗ ಎಲ್ಲ ಕಡೆ ಬಂದಿದೆ ಎಂದ. ಅವನ ಯಂತ್ರಕ್ಕೆ ನಮ್ಮ ಹಾರ್ಡ್ ಡಿಸ್ಕ್ ಜೋಡಿಸಿ ಹುಡುಕಲು ಬಿಟ್ಟ. ನಾವು ಅಂಗಡಿಯ ಬೆಂಚಿನ ಮೇಲೆ ಸಂಜೆಯತನಕ ಕೂತೆವು. ಒಮ್ಮೆ ಪರದೆಯ ಮೇಲೆ ಆ ಎರಡೂ ಫೈಲುಗಳ ಹೆಸರು ಬಂದಾಗ ನಾನು ಎದ್ದು ನಿಂತೆ. ಅವನು ತೆರೆದ. ಪದದ ಫೈಲಿನಿಂದ ಖರಖರ ಸದ್ದು ಬಂತು. ಮಾತಿನ ಫೈಲಿನಿಂದ ಅದೂ ಬರಲಿಲ್ಲ. ಅಳಿಸಿದ ಮೇಲೆ ಆ ಜಾಗದಲ್ಲಿ ಬೇರೆ ಏನೋ ಬರೆದುಕೊಂಡಿದೆ, ಒಂದರ ಮೇಲೆ ಇನ್ನೊಂದು ಕೂತರೆ ಕೆಳಗಿನದು ಬರುವುದಿಲ್ಲ ಎಂದು ಅವನು ನಿಧಾನವಾಗಿ ತಿಳಿಸಿ ಹೇಳಿದ. ರೊಟ್ಟಿಯ ಗಂಟನ್ನು ಅವನ ಮೇಜಿನ ಮೇಲೆ ಇಟ್ಟು ಬಂದೆವು.

ಬಸ್ಸಿನಲ್ಲಿ ಬರುವಾಗ ನಮ್ಮವರಿಗೆ ಹೊಳೆಯಿತು. “ಪದ ಎಲ್ಲಾರಿಗೂ ಕೊಟ್ಟೀವಲ್ಲಾ” ಎಂದರು.

ಮನೆ ಮುಟ್ಟಿದವರೇ ಫೋನು ಹಚ್ಚಿದೆವು. ಎದುರು ಮನೆಯಲ್ಲಿ ಹಾಡೆಲ್ಲ ಹೋಗಿದ್ದವು, ಅವರಿಗೆ ಅದು ಗೊತ್ತೇ ಇರಲಿಲ್ಲ. ಔರಾದ ಶಹಾಜನಿಯ ಬೀಗಿತ್ತಿ, “ನಮ್ಮದರಾಗೂ ಒಂದೂ ಉಳದಿಲ್ರೀ, ನಿಮ್ಮ ಕಡಿಂದ ಏನರ ಬಂತೇನ?” ಎಂದು ತಿರುಗಿ ಕೇಳಿದರು. ಯಾರ ಕಡೆಯಿಂದ ಯಾರಿಗೆ ಬಂದಿದೆಯೋ ಆ ದೇವರೇ ಬಲ್ಲ. ಬಟ್ಟಲು ಓಡಾಡಿದ ದಾರಿಯಲ್ಲೇ ಅದೂ ಓಡಾಡಿತ್ತು. ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದನ್ನು ನಾವು ಆಮೇಲೆ ಕಂಡೆವು. ಏನಾಗಿದೆ ಎಂದು ಅವರಿಗೆ ಆಗಲೇ ತಿಳಿದುಹೋಗಿತ್ತು.

ಗುಂಜೋಟಿಗೆ ಅತ್ತೆಯೇ ಮಾತಾಡಿದರು. ಅವರ ತಮ್ಮನ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ನಾವು ಕೊಟ್ಟ ಪೆನ್ ಡ್ರೈವನ್ನು ಅವರು ತಮ್ಮ ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚುವ ಡೆಕ್ಕಿಗೆ ಚುಚ್ಚಿದವರು ಅಲ್ಲಿಂದ ತೆಗೆದೇ ಇರಲಿಲ್ಲ.

“ದಿನಾ ಹಚ್ತೀನಕ್ಕಾ” ಎಂದರಂತೆ. “ಹೊಲದಾಗ ಆಕಿ ಪದ ಕೇಳ್ಕೋತನೇ ಕೆಲಸ ಮಾಡ್ತೀನಿ.”

ನಮ್ಮವರು ಮೊದಲ ಬಸ್ಸಿಗೆ ಹೋಗಿ ಅದನ್ನು ತಂದರು. ಧೂಳು, ಎಣ್ಣೆಯ ಜಿಡ್ಡು, ಮುಚ್ಚಳವಿಲ್ಲ. ನಾನು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಚುಚ್ಚಲಿಲ್ಲ. ಉದಗೀರದವನು ನಮ್ಮ ಯಂತ್ರವನ್ನು ಪೂರ್ತಿ ಒರೆಸಿ ಹೊಸದಾಗಿ ಎಲ್ಲ ಹಾಕಿಕೊಟ್ಟಿದ್ದ. ಆದರೂ ಎಲ್ಲೋ ಒಂದು ಮೂಲೆಯಲ್ಲಿ ಅದು ಉಳಿದಿದ್ದರೆ? ಚುಚ್ಚಿದ ಕೂಡಲೇ ಇದನ್ನೂ ಅಳಿಸಿಬಿಟ್ಟರೆ? ಇರುವುದು ಇದೊಂದೇ. ಕೊನೆಗೆ ನನಗೆ ಧೈರ್ಯ ಸಾಲಲಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಪೆನ್ ಡ್ರೈವ್ ಚುಚ್ಚಿ ಕೇಳುವ ಡಿ.ವಿ.ಡಿ. ಪ್ಲೇಯರ್ ಇತ್ತು. ಅದನ್ನು ಎರವಲು ತಂದು ನಮ್ಮ ಟಿ.ವಿ.ಗೆ ಜೋಡಿಸಿದೆವು. ಅತ್ತೆ ಚಾಪೆ ಹಾಕಿಕೊಂಡು ಕೂತರು.

ಪದ ಬಂತು. ಒಂದು ಅಕ್ಷರವೂ ಕೆಡದೆ ಬಂತು. ನಮ್ಮವರು ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಅಷ್ಟು ದಿನದಲ್ಲಿ ಮೊದಲ ಸಲ ಸರಿಯಾಗಿ ಉಸಿರುಬಿಟ್ಟೆ. ಪದ ಮುಗಿಯಿತು, ಪ್ಲೇಯರ್ ನಿಂತಿತು. ಅತ್ತೆ ಕಾಯುತ್ತ ಕೂತೇ ಇದ್ದರು.

“ಮುಂದ?” ಎಂದರು.

“ಇಷ್ಟ ಅದಾ” ಎಂದರು ನಮ್ಮವರು. “ಮಾತ ಯಾರಿಗೂ ಕೊಟ್ಟಿದ್ದಿಲ್ಲ.”

ಅತ್ತೆ ಚಾಪೆಯ ಅಂಚನ್ನು ಮಡಚಿದರು. ಆಮೇಲೆ, “ನಾನೇ ಬ್ಯಾಡಂದಿದ್ನಲ್ಲ” ಎಂದರು. “ಅದೂ ಕೊಟ್ಟಬಿಡಬೇಕಾಗಿತ್ತು.”

ಅವರು ಅತ್ತಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅಳಲಿಲ್ಲ. ಎದ್ದು ಒಲೆಯ ಕಡೆ ಹೋದರು. ನಾನು ಅದೇ ವಾರ ಪದವನ್ನು ಸಿಕ್ಕ ಸಿಕ್ಕ ಕಡೆಯೆಲ್ಲ ಹಾಕಿಟ್ಟೆ, ಹೊಸ ಸಿ.ಡಿ.ಗಳನ್ನು ಮಾಡಿಸಿ ನೆಂಟರಿಗೆಲ್ಲ ಹಂಚಿದೆ. ಯಾರು ಪೆನ್ ಡ್ರೈವ್ ತಂದರೂ ಇಲ್ಲವೆನ್ನಲಿಲ್ಲ. ಭಯ ಮಾತ್ರ ಕಡಿಮೆಯಾಗಲಿಲ್ಲ, ಎಲ್ಲಿಗೆ ಹೋಗಬೇಕೋ ತಿಳಿಯದೆ ನನ್ನೊಳಗೇ ಸುತ್ತುತ್ತಿತ್ತು.

ಮುಂದೊಂದು ಮಧ್ಯಾಹ್ನ ಇಬ್ಬರೂ ಅಂಗಳದ ತಗಡಿನ ಚಪ್ಪರದ ಕೆಳಗೆ ತೊಗರಿಬೇಳೆ ಹಸನು ಮಾಡುತ್ತಿದ್ದೆವು. ಅತ್ತೆ ಮೊರ ಕೆಳಗಿಟ್ಟರು.

“ಆಕಿ ಹ್ಯಾಂಗ ಕರೀತಿದ್ದಳು ಅನ್ನೂದು ನನಗ ಬರೋಬರ್ ನೆನಪಾಗವಲ್ದು” ಎಂದರು. “ಮುಂಜಾನಿಂದ ನೆನಸ್ಲಕತ್ತೀನಿ. ನೀ ಅಂದ ತೋರ್ಸು.”

“ನಾ ಹ್ಯಾಂಗ ಅನ್ಲಿ ಅತ್ತಿ? ನಾ ಆಕಿನ್ನ ನೋಡೇ ಇಲ್ಲ.”

“ನೋಡಿಲ್ಲಂದ್ರೇನಾತು, ಕೇಳೀಯಲ್ಲ. ವಾರಾ ವಾರಾ ನೀನೇ ಹಚ್ತಿದ್ದಿ.”

ಉದಗೀರದವನು ಹೇಳಿದ್ದು ತಲೆಗೆ ಬಂತು. ನಾನು ತಪ್ಪಾಗಿ ಅಂದರೆ, ನನ್ನ ದನಿ ಹೋಗಿ ಅತ್ತೆಯ ಕಿವಿಯಲ್ಲಿ ಆಕೆಯದು ಉಳಿದಿರುವಷ್ಟರ ಮೇಲೆ ಕೂತುಬಿಟ್ಟರೆ, ಕೆಳಗಿನದು ಮತ್ತೆ ಬರುವುದಿಲ್ಲ. ಬೇಡ ಎನ್ನೋಣವೆಂದು ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು, ಕಿವಿಯನ್ನು ನನ್ನ ಕಡೆ ಕೊಟ್ಟು ಆಗಲೇ ಕೂತಿದ್ದರು. ಮದುವೆಯಾಗಿ ಬಂದಾಗಿನಿಂದ ನಾನು ಅವರನ್ನು ಅತ್ತಿ ಎಂದೇ ಕರೆದವಳು. ಬೇಳೆಯಲ್ಲಿ ಕೈ ಊರಿಕೊಂಡು, ಆ ನಗುವನ್ನೂ ಆ ಉಸಿರನ್ನೂ ನೆನಪು ಮಾಡಿಕೊಂಡು, “ಯವ್ವಾ, ಸಾಕೇನ?” ಎಂದೆ.

ಅತ್ತೆ ಕಣ್ಣು ತೆರೆಯಲಿಲ್ಲ.

“ಆಕಿ ಇಷ್ಟ ಅಂಜಿ ಅಂತಿದ್ದಿಲ್ಲ” ಎಂದರು. “ಇನ್ನೊಮ್ಮಿ ಅನ್ನು.”

ನಾನು ಇನ್ನೊಮ್ಮೆ ಅಂದೆ.